ಹಾವಿನ ವಿಷ ಕಲಿಸಿದ ಮಾಂಸಖಂಡದ ಪಾಠ

ತುಮಕೂರು ಸೀಮೆಯ ರೈತನಿಗೆ ಹಾವು ಅಪರಿಚಿತ ಪ್ರಾಣಿಯೇನಲ್ಲ. ಗುಬ್ಬಿಯ ತೆಂಗು, ಅಡಿಕೆ ತೋಟಗಳಲ್ಲಿ, ಕುಣಿಗಲ್ ಸುತ್ತಿನ ರಾಗಿ ಹೊಲ ಮತ್ತು ಗದ್ದೆಯ ಬದುಗಳಲ್ಲಿ, ತುಮಕೂರು ನಗರದ ಅಂಚಿನ ಹೊಸ ಬಡಾವಣೆಗಳಲ್ಲಿ ಇಲಿ ಇರುವ ಕಡೆಯೆಲ್ಲ ಹಾವೂ ಇರುತ್ತದೆ. ನಮ್ಮ ಹಿರಿಯರು ಹಾವುಗಳಿಗೆ ಇಟ್ಟ ಹೆಸರುಗಳಲ್ಲೇ ಅವುಗಳ ಗುರುತನ್ನು ಹೇಳಿಬಿಟ್ಟಿದ್ದಾರೆ. ಮೈಮೇಲೆ ಬಿಳಿಯ ಕಟ್ಟುಗಳಿರುವುದು ಕಟ್ಟುಹಾವು. ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುವುದು ಗರಗಸ ಮಂಡಲ. ಇನ್ನೊಂದು ಕೊಳಕುಮಂಡಲ. ಅದು ಕಚ್ಚಿದ ಜಾಗ ಕೊಳೆಯುತ್ತದೆ, ಅದಕ್ಕೇ ಆ ಹೆಸರು ಎನ್ನುವವರು ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ.

ಹೆಸರಿನ ಮೂಲ ಏನೇ ಇರಲಿ, ಆ ಮಾತಿನಲ್ಲಿ ನಿಜವಿದೆ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಬಾವೂ ಇರುವುದಿಲ್ಲ, ಗಾಯವೂ ಕಾಣಿಸುವುದಿಲ್ಲ. ಆದರೆ ಕಣ್ಣ ರೆಪ್ಪೆ ಜೋತುಬಿದ್ದು, ಉಸಿರಾಟವೇ ನಿಂತುಹೋಗಬಹುದು. ಸಕಾಲದಲ್ಲಿ ಚಿಕಿತ್ಸೆ ದೊರೆತು ಬದುಕಿಕೊಂಡವನ ಕೈಕಾಲು ಮೊದಲಿನಂತೆಯೇ ಇರುತ್ತವೆ. ಮಂಡಲದ ಹಾವುಗಳ ಕಥೆ ಬೇರೆ. ಅವು ಕಚ್ಚಿದವನು ಬದುಕಿಕೊಂಡರೂ ಎಷ್ಟೋ ಸಲ ಒಂದು ಬೆರಳು, ಒಂದು ಪಾದ, ಒಂದು ಮೀನಖಂಡ ಹೋಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಡಿತದಿಂದ ಸಾಯುತ್ತಾರೆ. ಅಂಗಚ್ಛೇದನ ಮತ್ತು ಶಾಶ್ವತ ಊನಕ್ಕೆ ಒಳಗಾಗುವವರು ಅದರ ಸುಮಾರು ಮೂರು ಪಟ್ಟು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕುಡುಗೋಲು ತಾಗಿ ಕುಯ್ದುಹೋದ ಮಾಂಸ ಕೂಡಿಕೊಳ್ಳುತ್ತದೆ. ಪೆಟ್ಟು ಬಿದ್ದು ಜಜ್ಜಿದ ತೊಡೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಹಾಗಾದರೆ ಮಂಡಲದ ಹಾವು ಕಚ್ಚಿದ ಮಾಂಸಖಂಡ ಮಾತ್ರ ಏಕೆ ಮರಳಿ ಬೆಳೆಯುವುದಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ನೆರವಾದದ್ದು ಹಾವಿನ ವಿಷವೇ ಎಂಬುದು ಸ್ವಾರಸ್ಯದ ಸಂಗತಿ. ಈ ಹುಡುಕಾಟದಲ್ಲಿ ಮೈಸೂರು ಮತ್ತು ತುಮಕೂರಿನ ಪ್ರಯೋಗಾಲಯಗಳ ಪಾಲೂ ಇದೆ.

ವಿಷವೇ ಉಪಕರಣವಾದಾಗ

ವಿಷದಿಂದ ಸಾಯುವುದು ಹೇಗೆ ಎಂದು ತಿಳಿಯುವ ಕುತೂಹಲ ಹಳೆಯದು. ಇಟಲಿಯ ಫೆಲಿಚೆ ಫೊಂಟಾನಾ 18ನೇ ಶತಮಾನದಲ್ಲಿ ಅಲ್ಲಿನ ಮಂಡಲದ ಹಾವಿನ ವಿಷದ ಮೇಲೆ ಸಾವಿರಾರು ಪ್ರಯೋಗ ನಡೆಸಿ, 1781ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದ. ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿದ್ದ ಪ್ಯಾಟ್ರಿಕ್ ರಸೆಲ್ ಕೋರಮಂಡಲ ತೀರದ ಹಾವುಗಳನ್ನು ಸಂಗ್ರಹಿಸಿ 1796ರಲ್ಲಿ ಪುಸ್ತಕ ಪ್ರಕಟಿಸಿದ. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಅವನ ಹೆಸರೇ ಇದೆ.

ಆದರೆ ವಿಷವನ್ನು ಕೇವಲ ಶತ್ರುವೆಂದು ನೋಡದೆ, ದೇಹದ ರಹಸ್ಯ ತೆರೆಯುವ ಕೀಲಿಕೈ ಎಂದು ನೋಡಿದವನು ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್. ದಕ್ಷಿಣ ಅಮೆರಿಕದ ಆದಿವಾಸಿಗಳು ಬಾಣದ ತುದಿಗೆ ಹಚ್ಚುತ್ತಿದ್ದ ಕುರಾರೆ ಎಂಬ ಸಸ್ಯವಿಷವನ್ನು ಅವನು 19ನೇ ಶತಮಾನದ ನಡುಭಾಗದಲ್ಲಿ ಕಪ್ಪೆಗಳಿಗೆ ಕೊಟ್ಟು ನೋಡಿದ. ನರವನ್ನು ಕೆಣಕಿದರೆ ಸ್ನಾಯು ಅಲುಗಲಿಲ್ಲ. ಸ್ನಾಯುವನ್ನೇ ನೇರವಾಗಿ ವಿದ್ಯುತ್ತಿನಿಂದ ಕೆಣಕಿದರೆ ಅಲುಗಿತು. ಅಂದರೆ ಸ್ನಾಯು ಕೆಟ್ಟಿಲ್ಲ, ನರದ ಅಪ್ಪಣೆ ಅದಕ್ಕೆ ತಲುಪುತ್ತಿಲ್ಲ ಎಂದಾಯಿತು. ಚಾಕುವಿನಿಂದ ಬಿಡಿಸಲಾಗದಷ್ಟು ಸೂಕ್ಷ್ಮವಾದ ಜಾಗವನ್ನು ವಿಷ ಬಿಡಿಸಿ ತೋರಿಸಿತ್ತು.

ಒಂದು ಶತಮಾನದ ನಂತರ ಕಟ್ಟುಹಾವಿನ ಸರದಿ ಬಂತು. ತೈವಾನಿನ ಸಿ. ಸಿ. ಚಾಂಗ್ ಮತ್ತು ಸಿ. ವೈ. ಲೀ 1963ರಲ್ಲಿ ಅಲ್ಲಿನ ಕಟ್ಟುಹಾವಿನ ವಿಷದಿಂದ ಬಂಗಾರೊಟಾಕ್ಸಿನ್ ಎಂಬ ಪ್ರೋಟೀನುಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದು, ನರದ ಸಂದೇಶವನ್ನು ಸ್ವೀಕರಿಸಲು ಸ್ನಾಯುವಿನ ಮೇಲಿರುವ ಅಣುವಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಗುಣವನ್ನೇ ಬಳಸಿ 1970ರ ಸುಮಾರಿಗೆ ಪ್ಯಾರಿಸ್‌ನ ವಿಜ್ಞಾನಿಗಳು ಆ ಅಣುವನ್ನು ಗುರುತಿಸಿದರು. ಕಟ್ಟುಹಾವು ಕಚ್ಚಿದವನ ಮಾಂಸ ಕೊಳೆಯದೆ ಉಸಿರು ಮಾತ್ರ ನಿಲ್ಲುವುದೇಕೆ ಎಂಬುದಕ್ಕೆ ವಿವರಣೆ ಇಲ್ಲಿದೆ. ಆ ವಿಷ ಹೋಗಿ ಹೊಡೆಯುವುದು ನರ ಮತ್ತು ಸ್ನಾಯು ಕೂಡುವ ಜಾಗಕ್ಕೆ. ಸ್ನಾಯುವಿನ ಒಡಲು ಹಾಗೇ ಉಳಿದಿರುತ್ತದೆ.

ಬಾಳೆಯ ಬುಡದ ಕಂದು

ಮಾಂಸಖಂಡ ಮರಳಿ ಬೆಳೆಯುವ ವಿಷಯಕ್ಕೆ ಬರೋಣ. ನಮ್ಮ ದೇಹದ ತೂಕದಲ್ಲಿ ಸುಮಾರು ಶೇ. 40ರಷ್ಟು ಇರುವುದು ಎಲುಬಿಗೆ ಅಂಟಿಕೊಂಡ ಸ್ನಾಯು. ಅದು ಸಾವಿರಾರು ಎಳೆಗಳ ಕಟ್ಟು. ಒಂದೊಂದು ಎಳೆಯೂ ಹಲವು ಕೋಶಬೀಜಗಳಿರುವ ಉದ್ದನೆಯ ಜೀವಕೋಶ. ಅದರ ಸುತ್ತ ದಿಂಬಿಗೆ ಗವುಸು ಇರುವಂತೆ ತೆಳುವಾದ ಒಂದು ತಳಪೊರೆ ಇರುತ್ತದೆ.

ಬಲಿತ ಸ್ನಾಯುವಿನ ಎಳೆ ತಾನಾಗಿ ಎರಡಾಗಿ ಒಡೆದು ವೃದ್ಧಿಯಾಗಲಾರದು. ಹಾಗಿದ್ದೂ ಸ್ನಾಯು ಮರಳಿ ಬೆಳೆಯುತ್ತದೆ ಎಂಬ ಸುಳಿವು 19ನೇ ಶತಮಾನದಲ್ಲೇ ಸಿಕ್ಕಿತ್ತು. ಜರ್ಮನಿಯ ಜೆಂಕರ್ 1864ರಲ್ಲಿ ವಿಷಮಶೀತ ಜ್ವರದಿಂದ ಸತ್ತವರ ಸ್ನಾಯುಗಳು ಮೇಣದಂತೆ ಕೆಟ್ಟಿರುವುದನ್ನು ವರ್ಣಿಸಿದ್ದ. ಅಂಥ ಸ್ನಾಯುಗಳಲ್ಲಿ ಹೊಸ ಎಳೆಗಳು ಹುಟ್ಟುವುದೂ ಆ ಕಾಲದವರ ಕಣ್ಣಿಗೆ ಬಿತ್ತು. ಆದರೆ ಅವು ಬರುವುದೆಲ್ಲಿಂದ ಎಂಬುದು ಸುಮಾರು ನೂರು ವರ್ಷ ಬಗೆಹರಿಯಲಿಲ್ಲ.

ಅಮೆರಿಕದ ಅಲೆಕ್ಸಾಂಡರ್ ಮೌರೊ 1961ರಲ್ಲಿ ಕಪ್ಪೆಯ ಸ್ನಾಯುವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಎಳೆಗೂ ತಳಪೊರೆಗೂ ನಡುವೆ ಪುಟ್ಟ ಕೋಶಗಳು ಒತ್ತಿಕೊಂಡು ಮಲಗಿರುವುದು ಕಂಡಿತು. ಎಳೆಯ ಅಂಚಿನಲ್ಲಿ ಇರುವುದರಿಂದ ಅವನ್ನು ಆತ ಉಪಗ್ರಹ ಕೋಶಗಳು ಎಂದು ಕರೆದ. ಪೆಟ್ಟು ಬಿದ್ದ ಸ್ನಾಯುವನ್ನು ಮರಳಿ ಕಟ್ಟುವವು ಇವೇ ಇರಬಹುದೆಂಬ ಊಹೆಯನ್ನೂ ಮುಂದಿಟ್ಟ.

ಇದನ್ನು ನಮ್ಮ ತೋಟದ ಬಾಳೆಗೆ ಹೋಲಿಸಬಹುದು. ಗೊನೆ ಕಡಿದ ಮೇಲೆ ತಾಯಿ ಗಿಡದ ಕಥೆ ಮುಗಿಯಿತು. ಆದರೆ ಬುಡದಲ್ಲಿ ಕಂದು ಇದೆ. ನೆಲ ಹದವಾಗಿದ್ದು, ನೀರು ಹರಿಯುತ್ತಿದ್ದರೆ ಅದೇ ಜಾಗದಲ್ಲಿ ಹೊಸ ಬಾಳೆ ಎದ್ದು ನಿಲ್ಲುತ್ತದೆ. ಸ್ನಾಯುವಿನ ಎಳೆ ತಾಯಿ ಗಿಡವಾದರೆ ಉಪಗ್ರಹ ಕೋಶ ಕಂದು. ತಳಪೊರೆ ಮತ್ತು ರಕ್ತನಾಳಗಳು ನೆಲ ಮತ್ತು ನೀರು.

ಊಹೆಯನ್ನು ಪರೀಕ್ಷಿಸಬೇಕಾದರೆ ತಾಯಿ ಗಿಡವನ್ನು ಮಾತ್ರ ಕಡಿದು, ಕಂದನ್ನೂ ನೆಲವನ್ನೂ ಮುಟ್ಟದೆ ಬಿಡುವಂಥ ಕತ್ತಿ ಬೇಕು. ಅದಕ್ಕೆ ಹಿಂದೆ ವಿಜ್ಞಾನಿಗಳು ಪ್ರಾಣಿಗಳ ಸ್ನಾಯುವನ್ನು ಜಜ್ಜಿ ನೋಡಿದ್ದರು, ಹೆಪ್ಪುಗಟ್ಟಿಸಿ ನೋಡಿದ್ದರು, ಚೂರು ಚೂರು ಮಾಡಿ ಮತ್ತೆ ಒಳಗಿಟ್ಟೂ ನೋಡಿದ್ದರು. ಒಂದೊಂದು ಸಲ ಒಂದೊಂದು ಬಗೆಯ ಗಾಯ. ಎಳೆಯ ಜೊತೆಗೆ ರಕ್ತನಾಳ, ನರ ಎಲ್ಲವೂ ಹೋಗುತ್ತಿದ್ದವು. ಬೇಕಾಗಿದ್ದ ಆ ನಯವಾದ ಕತ್ತಿ ಹಾವಿನ ಹಲ್ಲಿನಲ್ಲಿತ್ತು.

ಎಳೆಯನ್ನು ಕೊಂದು ಬುಡ ಉಳಿಸುವ ವಿಷ

ಹಾವಿನ ವಿಷ ಒಂದೇ ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಕಷಾಯ. ಅದರಿಂದ ಒಂದೊಂದನ್ನೇ ಬೇರ್ಪಡಿಸುವ ಕೆಲಸದಲ್ಲಿ ಭಾರತೀಯರು ಹಿಂದೆ ಬಿದ್ದಿರಲಿಲ್ಲ. ನಾಗರಹಾವಿನ ವಿಷದಿಂದ ಹೃದಯಕ್ಕೆ ಮಾರಕವಾದ ಕಾರ್ಡಿಯೋಟಾಕ್ಸಿನ್ ಎಂಬ ಅಂಶವನ್ನು ಬೇರ್ಪಡಿಸಿದ್ದನ್ನು ಎನ್. ಕೆ. ಸರ್ಕಾರ್ 1947ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು 60 ಅಮೈನೋ ಆಮ್ಲಗಳ ಈ ಚಿಕ್ಕ ಪ್ರೋಟೀನು ಜೀವಕೋಶದ ಹೊರಪೊರೆಯನ್ನು ತೂತು ಮಾಡುತ್ತದೆ. ಹೃದಯವಷ್ಟೇ ಅಲ್ಲ, ಕೈಕಾಲಿನ ಸ್ನಾಯುಗಳೂ ಅದಕ್ಕೆ ಸಿಕ್ಕಿ ಸಾಯುತ್ತವೆ ಎಂಬುದು ಮುಂದೆ ತಿಳಿಯಿತು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜೆ. ಬಿ. ಹ್ಯಾರಿಸ್ ಮತ್ತು ಎಂ. ಎ. ಜಾನ್ಸನ್, ಸ್ವೀಡನ್ನಿನ ಕಾರ್ಲ್‌ಸನ್ ಜೊತೆಗೂಡಿ ಆಸ್ಟ್ರೇಲಿಯದ ಟೈಗರ್ ಹಾವಿನ ವಿಷದ ನೊಟೆಕ್ಸಿನ್ ಎಂಬ ಅಂಶವನ್ನು ಇಲಿಗಳಿಗೆ ಚುಚ್ಚಿ, ಫಲಿತಾಂಶವನ್ನು 1975ರಲ್ಲಿ ಪ್ರಕಟಿಸಿದರು. ಒಂದೇ ಚುಚ್ಚುಮದ್ದಿಗೆ ಸ್ನಾಯುವಿನ ಎಳೆಗಳು ನಾಶವಾದವು. ಆದರೆ ಸ್ನಾಯು ಮರಳಿ ಬೆಳೆಯಿತು. ಮುಂದೆ 1980ರ ದಶಕದಲ್ಲಿ ಫ್ರಾನ್ಸಿನ ಕೂತೊ ಮತ್ತು ಸಂಗಡಿಗರು ಕಾರ್ಡಿಯೋಟಾಕ್ಸಿನ್ ಬಳಸಿ ಇಂಥದೇ ಪ್ರಯೋಗ ಮಾಡಿದರು. ಅಲ್ಲಿಂದೀಚೆಗೆ ಈ ಎರಡು ವಿಷಗಳೂ ಸ್ನಾಯುವಿನ ಪುನರುತ್ಪತ್ತಿಯನ್ನು ಅಭ್ಯಸಿಸುವ ಪ್ರಯೋಗಾಲಯಗಳ ನಿತ್ಯದ ಸಾಮಗ್ರಿಗಳಾದವು.

ಇಂಥ ವಿಷ ಬಿದ್ದ ಇಲಿಯ ಸ್ನಾಯುವಿನಲ್ಲಿ ನಡೆಯುವುದನ್ನು ದಿನದ ಲೆಕ್ಕದಲ್ಲಿ ಹೇಳಬಹುದು. ಮೊದಲ ದಿನ ಎಳೆಗಳು ಸಾಯುತ್ತವೆ. ಎರಡು ಮೂರು ದಿನಗಳಲ್ಲಿ ರಕ್ತದಿಂದ ಬಂದ ಭಕ್ಷಕ ಕೋಶಗಳು ಕಸವನ್ನು ತಿಂದು ಗುಡಿಸುತ್ತವೆ. ಅಷ್ಟು ಹೊತ್ತಿಗೆ ಮಲಗಿದ್ದ ಉಪಗ್ರಹ ಕೋಶಗಳು ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದಕ್ಕೊಂದು ಬೆಸೆದುಕೊಂಡು ಹಳೆಯ ತಳಪೊರೆಯ ಗವುಸಿನೊಳಗೇ ಹೊಸ ಎಳೆ ಹೆಣೆಯುತ್ತವೆ. ವಾರದೊಳಗೆ ಎಳೆಯ ಸ್ನಾಯು ಕಾಣಿಸಿಕೊಂಡು, ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಮಾಮೂಲಿ ಎಳೆಯಲ್ಲಿ ಕೋಶಬೀಜಗಳು ಅಂಚಿನಲ್ಲಿರುತ್ತವೆ. ಹೀಗೆ ಮರುಹುಟ್ಟು ಪಡೆದ ಎಳೆಯಲ್ಲಿ ಅವು ನಟ್ಟನಡುವೆ ಇರುತ್ತವೆ. ಈ ಗುರುತು ಇಲಿಗಳಲ್ಲಿ ತಿಂಗಳುಗಟ್ಟಲೆ ಅಳಿಯುವುದಿಲ್ಲ.

ಕಂದು ಇಲ್ಲದಿದ್ದರೆ ಬಾಳೆ ಏಳದು ಎಂಬುದಕ್ಕೂ ಪುರಾವೆ ದೊರೆಯಿತು. ಉಪಗ್ರಹ ಕೋಶಗಳು ಉಳಿಯಲು ಪ್ಯಾಕ್ಸ್–7 ಎಂಬ ಜೀನ್ ಬೇಕೆಂದು ಕೆನಡಾದಲ್ಲಿ ಮೈಕೆಲ್ ರುಡ್ನಿಕಿ ತಂಡ 2000ದಲ್ಲಿ ತೋರಿಸಿತು. 2011ರಲ್ಲಿ ಹಲವು ತಂಡಗಳು ಇಲಿಗಳಲ್ಲಿ ಈ ಕೋಶಗಳನ್ನೇ ಆಯ್ದು ಕೊಂದು, ಆಮೇಲೆ ಸ್ನಾಯುವಿಗೆ ಗಾಯ ಮಾಡಿ ನೋಡಿದವು. ಸ್ನಾಯು ಮರಳಿ ಬೆಳೆಯಲಿಲ್ಲ. ಮೌರೊನ 50 ವರ್ಷದ ಹಿಂದಿನ ಊಹೆ ಸರಿಯಾಗಿತ್ತು.

ಇದರ ಪ್ರಯೋಜನ ಹಾವು ಕಡಿತಕ್ಕಷ್ಟೇ ಸೀಮಿತವಲ್ಲ. ಗಂಡುಮಕ್ಕಳಲ್ಲಿ ಚಿಕ್ಕಂದಿನಲ್ಲೇ ಕಾಣಿಸಿಕೊಂಡು ಕೈಕಾಲಿನ ಬಲ ಕುಂದಿಸುವ ಡ್ಯೂಶೆನ್ ಸ್ನಾಯುಕ್ಷಯದಲ್ಲಿ ಎಳೆಗಳು ಮತ್ತೆ ಮತ್ತೆ ಸಾಯುತ್ತವೆ, ಮತ್ತೆ ಮತ್ತೆ ಹುಟ್ಟುತ್ತವೆ. ಕೊನೆಗೆ ಕಂದುಗಳೇ ಸೋಲುತ್ತವೆ. ಮುಪ್ಪಿನಲ್ಲಿ ಸ್ನಾಯು ಸವೆಯುವುದನ್ನು ಅರಿಯಲೂ ಇದೇ ಪ್ರಯೋಗಗಳು ದಾರಿಯಾಗಿವೆ.

ನೆಲವನ್ನೇ ಕೊಚ್ಚುವ ವಿಷ

ಹಾಗಾದರೆ ಮಂಡಲದ ಹಾವು ಕಚ್ಚಿದಾಗ ಎಡವಟ್ಟಾಗುವುದು ಎಲ್ಲಿ? ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕದ ಹೊಸೆ ಮರಿಯ ಗುಟಿಯೆರೆಜ್. ಅಲ್ಲಿನ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ಹಾವಿನ ಪ್ರತಿವಿಷ ತಯಾರಿಕೆಗೆ ಹೆಸರಾದುದು. ಗುಟಿಯೆರೆಜ್ ಮತ್ತು ಸಂಗಡಿಗರು 1984ರಲ್ಲಿ ಅಲ್ಲಿನ ಒಂದು ಮಂಡಲದ ಹಾವಿನ ಇಡೀ ವಿಷವನ್ನು ಕೆಲವು ಇಲಿಗಳಿಗೂ, ಅದರಿಂದ ಬೇರ್ಪಡಿಸಿದ ಸ್ನಾಯುನಾಶಕ ಅಂಶವನ್ನಷ್ಟೇ ಬೇರೆ ಇಲಿಗಳಿಗೂ ಕೊಟ್ಟು ಹೋಲಿಸಿದರು. ಬಿಡಿ ಅಂಶ ಬಿದ್ದ ಸ್ನಾಯು ಚೆನ್ನಾಗಿ ಮರಳಿ ಬೆಳೆಯಿತು. ಇಡೀ ವಿಷ ಬಿದ್ದ ಸ್ನಾಯುವಿನಲ್ಲಿ ಬೆಳವಣಿಗೆ ಅರ್ಧಂಬರ್ಧವಾಯಿತು. ಸ್ನಾಯುವಿನ ಜಾಗದಲ್ಲಿ ಅಲ್ಲಲ್ಲಿ ನಾರು ತುಂಬಿಕೊಂಡಿತು.

ವ್ಯತ್ಯಾಸಕ್ಕೆ ಕಾರಣ ರಕ್ತನಾಳಗಳ ಹಾನಿ. ಮಂಡಲದ ಹಾವುಗಳ ವಿಷದಲ್ಲಿ ಮೆಟಲೋಪ್ರೋಟಿಯೇಸ್ ಎಂಬ ಕಿಣ್ವಗಳು ಹೇರಳವಾಗಿವೆ. ಇವು ರಕ್ತನಾಳದ ಗೋಡೆಯನ್ನೂ ಎಳೆಗಳ ಸುತ್ತಲಿನ ತಳಪೊರೆಯನ್ನೂ ಕರಗಿಸುತ್ತವೆ. ರಕ್ತ ಬಾರದೆ ಕಸ ಗುಡಿಸುವ ಕೋಶಗಳು ಬರಲಾರವು. ಗವುಸು ಹರಿದರೆ ಹೊಸ ಎಳೆಗೆ ಅಚ್ಚು ಇಲ್ಲ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ತಂಡ 2019ರಲ್ಲಿ ಅಮೆರಿಕದ ಗಿಲಕಿ ಹಾವಿನ ಇಂಥ ಒಂದು ಕಿಣ್ವವನ್ನು ಕಾರ್ಡಿಯೋಟಾಕ್ಸಿನ್ ಜೊತೆ ಹೋಲಿಸಿ, ಒಂದರ ಗಾಯ ಮಾಯುತ್ತದೆ, ಇನ್ನೊಂದರ ಗಾಯ ಕಲೆಯಾಗಿ ಉಳಿಯುತ್ತದೆ ಎಂದು ತೋರಿಸಿತು. ಒಂದು ವಿಷ ಬಾಳೆಗಿಡವನ್ನು ಕಡಿಯುತ್ತದೆ, ಇನ್ನೊಂದು ನೆಲವನ್ನೇ ಕೊಚ್ಚಿಕೊಂಡು ಹೋಗುತ್ತದೆ.

ಇದೆಲ್ಲ ಬೇರ್ಪಡಿಸಿದ ವಿಷದ ಮಾತು ಎಂಬುದನ್ನು ಮರೆಯಬಾರದು. ನಿಜವಾದ ಕಡಿತದಲ್ಲಿ ಎಲ್ಲ ಅಂಶಗಳೂ ಒಟ್ಟಿಗೆ ಬೀಳುತ್ತವೆ. ನಾಗರಹಾವು ಕಚ್ಚಿದಾಗಲೂ ಮಾಂಸ ಕೊಳೆಯುವುದುಂಟು.

ಮಾನಸಗಂಗೋತ್ರಿಯಿಂದ ತುಮಕೂರಿಗೆ

ಕನ್ನಡ ನಾಡಿನಲ್ಲಿ ಈ ವಿದ್ಯೆ ಬೇರು ಬಿಟ್ಟದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅಲ್ಲಿನ ಜೀವರಸಾಯನ ವಿಭಾಗದಲ್ಲಿ ಟಿ. ವೀರಬಸಪ್ಪ ಗೌಡ ಮತ್ತು ಅವರ ಶಿಷ್ಯರು ಕೊಳಕುಮಂಡಲ ಹಾಗೂ ನಾಗರಹಾವುಗಳ ವಿಷದಲ್ಲಿರುವ ಫಾಸ್ಫೋಲೈಪೇಸ್ ಎಂಬ ಕಿಣ್ವಗಳನ್ನು ಒಂದೊಂದಾಗಿ ಬೇರ್ಪಡಿಸಿದರು. ಜೀವಕೋಶದ ಪೊರೆಯಲ್ಲಿನ ಕೊಬ್ಬನ್ನು ಒಡೆಯುವ ಈ ಕಿಣ್ವಗಳೇ ಸ್ನಾಯುನಾಶದ ಮುಖ್ಯ ಪಾತ್ರಧಾರಿಗಳಲ್ಲಿ ಸೇರಿವೆ. ನೊಟೆಕ್ಸಿನ್ ಕೂಡ ಇದೇ ಕುಲದ್ದು. ಈ ಪ್ರಯೋಗಾಲಯದಲ್ಲಿ ಕಲಿತ ಆರ್. ಮಂಜುನಾಥ ಕಿಣಿ ಮುಂದೆ ಸಿಂಗಪುರದಲ್ಲಿ ನೆಲೆಸಿ, ಹಾವಿನ ವಿಷದ ಸಂಶೋಧನೆಯಲ್ಲಿ ಜಗತ್ತಿಗೇ ಪರಿಚಿತರಾದರು.

ಈ ಗುಂಪು ನಮ್ಮ ನಾಟಿ ವೈದ್ಯರ ಬೇರು ಬಳ್ಳಿಗಳನ್ನೂ ಪರೀಕ್ಷೆಗೆ ಒಡ್ಡಿತು. ಹಾವು ಕಡಿತಕ್ಕೆ ಹಳ್ಳಿಗಳಲ್ಲಿ ಹೇಳುವ ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ವಸ್ತುವಿದೆ. ಅದು ಕೊಳಕುಮಂಡಲದ ಫಾಸ್ಫೋಲೈಪೇಸ್‌ಗೆ ಅಂಟಿಕೊಂಡು ಅದರ ಕೆಲವು ದುಷ್ಪರಿಣಾಮಗಳನ್ನು ತಗ್ಗಿಸುತ್ತದೆ ಎಂದು ಬಿ. ಎಸ್. ವಿಶ್ವನಾಥ್ ಮತ್ತು ಗೌಡರು 1987ರಲ್ಲಿ ಬರೆದರು. ಹಳಬರ ಮಾತು ನಿಜವಾಯಿತೆಂದು ಹಿಗ್ಗುವ ಮುನ್ನ ಕಥೆಯ ಉಳಿದರ್ಧ ಕೇಳಬೇಕು. ಇದೇ ಆಮ್ಲವಿದ್ದ ಗಿಡಮೂಲಿಕೆ ಸೇವಿಸಿದ ಬೆಲ್ಜಿಯಂನ ಮಹಿಳೆಯರ ಮೂತ್ರಪಿಂಡಗಳು ಕೆಟ್ಟದ್ದು 1993ರಲ್ಲಿ ವರದಿಯಾಯಿತು. ಅದು ಕ್ಯಾನ್ಸರ್‌ಕಾರಕ ಎಂಬುದೂ ಈಗ ಖಚಿತವಾಗಿದೆ. ಗಾಜಿನ ನಳಿಕೆಯಲ್ಲಿ ವಿಷವನ್ನು ತಡೆಯುವ ಬೇರು ಬಾಯಿಗೆ ಬಿದ್ದಾಗ ಮದ್ದೇ ಆಗಬೇಕೆಂದಿಲ್ಲ.

ಕೆ. ಕೆಂಪರಾಜು ಮತ್ತು ಕೆ. ಎಸ್. ಗಿರೀಶ್ ಅವರು ವಿಷದ ಇನ್ನೊಂದು ಅಂಶದ ಬೆನ್ನು ಹತ್ತಿದರು. ನಮ್ಮ ಜೀವಕೋಶಗಳ ನಡುವೆ ಹಯಲುರೊನನ್ ಎಂಬ ಲೋಳೆಯಂಥ ಗಾರೆ ಇರುತ್ತದೆ. ಅದನ್ನು ಕರಗಿಸಿ ಉಳಿದ ವಿಷಕ್ಕೆ ದಾರಿ ಬಿಡುವುದು ಹಯಲುರೊನಿಡೇಸ್ ಎಂಬ ಕಿಣ್ವ. ನಾಗರಹಾವಿನ ವಿಷದಿಂದ ಅದನ್ನು ಬೇರ್ಪಡಿಸಿದ ವರದಿ 2004ರಲ್ಲಿ ಬಂತು. ಮುಟ್ಟಿದರೆ ಮುನಿ ಗಿಡದ ಬೇರಿನ ಸಾರ ಅದನ್ನು ತಡೆಯುವುದೆಂದು ಅದೇ ವರ್ಷ ಇನ್ನೊಂದು ಲೇಖನ ತಿಳಿಸಿತು.

ಅದೇ 2004ರಲ್ಲಿ ತುಮಕೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂತು. ಗಿರೀಶ್ ಮತ್ತು ಎಸ್. ದೇವರಾಜ ಅದರ ಜೀವರಸಾಯನ ವಿಭಾಗದಲ್ಲಿ ಈ ಕೆಲಸವನ್ನು ಮುಂದುವರಿಸಿದರು. ಮೈಸೂರು ಮತ್ತು ತುಮಕೂರು ಸೇರಿ ನಡೆಸಿದ ಒಂದು ಅಧ್ಯಯನ 2016ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಜಾನನ ಕಾಟ್ಕರ್ ಅದರ ಮೊದಲ ಲೇಖಕರು. ಗರಗಸ ಮಂಡಲ ಕಚ್ಚಿದ ಜಾಗ ಏಕೆ ಕೊಳೆಯುತ್ತದೆ ಎಂಬುದೇ ಅದರ ವಿಷಯ.

ಬೇಲಿಯೇ ಹೊಲ ಮೇಯ್ದಾಗ

ದೇಹಕ್ಕೆ ಹೊರಗಿನ ವೈರಿ ನುಗ್ಗಿದಾಗ ಮೊದಲು ಓಡಿಬರುವ ಬಿಳಿ ರಕ್ತಕಣಗಳಿಗೆ ನ್ಯೂಟ್ರೋಫಿಲ್ ಎಂದು ಹೆಸರು. ಇವು ಕೆಲವೊಮ್ಮೆ ತಮ್ಮ ಒಡಲಿನ ಡಿಎನ್‌ಎಯನ್ನೇ ಬಲೆಯಂತೆ ಹೊರಕ್ಕೆ ಬೀಸಿ ರೋಗಾಣುಗಳನ್ನು ಸಿಕ್ಕಿಸಿ ಹಾಕುತ್ತವೆ. ಇದನ್ನು 2004ರಲ್ಲಿ ಜರ್ಮನಿಯ ವಿಜ್ಞಾನಿಗಳು ಕಂಡುಹಿಡಿದಿದ್ದರು. ಗರಗಸ ಮಂಡಲದ ವಿಷ ಬಿದ್ದಾಗಲೂ ನ್ಯೂಟ್ರೋಫಿಲ್‌ಗಳು ಹೀಗೆ ಬಲೆ ಬೀಸುತ್ತವೆ ಎಂದು ಮೈಸೂರು–ತುಮಕೂರು ತಂಡ ತೋರಿಸಿತು. ಆದರೆ ಆ ಬಲೆಗಳು ರಕ್ತನಾಳಗಳನ್ನು ಕಟ್ಟಿಹಾಕುತ್ತವೆ. ವಿಷವನ್ನು ಚದುರಲು ಬಿಡದೆ ಕಚ್ಚಿದ ಜಾಗದಲ್ಲೇ ಕೂಡಿಹಾಕುತ್ತವೆ. ಅಲ್ಲೇ ನಿಂತ ವಿಷ ಅಲ್ಲಿನ ಅಂಗಾಂಶವನ್ನೆಲ್ಲ ತಿಂದುಹಾಕುತ್ತದೆ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಡಿಎನ್‌ಎಯ ಬಲೆಯನ್ನು ಕತ್ತರಿಸಬಲ್ಲ ಕಿಣ್ವ ಡಿಎನ್‌ಏಸ್. ಗರಗಸ ಮಂಡಲದ ವಿಷದಲ್ಲಿ ಈ ಗುಣವಿಲ್ಲ, ಆದ್ದರಿಂದಲೇ ಬಲೆಗಳು ಕರಗದೆ ಉಳಿಯುತ್ತವೆ ಎಂದು ತಂಡ ವಿವರಿಸಿತು. ವಿಷದ ಜೊತೆಗೆ ಡಿಎನ್‌ಏಸ್–1 ಕೊಟ್ಟ ಇಲಿಗಳ ಬಾಲ ಕೊಳೆಯಲಿಲ್ಲ. ನ್ಯೂಟ್ರೋಫಿಲ್‌ಗಳನ್ನು ಇಲ್ಲವಾಗಿಸಿದ ಇಲಿಗಳಲ್ಲೂ ಕೊಳೆಯಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಿಷ ಚುಚ್ಚಿದ ಬಳಿಕ ಡಿಎನ್‌ಏಸ್–1 ಕೊಟ್ಟಾಗಲೂ ಬಾಲ ಉಳಿಯಿತು. ಹಾವು ಕಚ್ಚುವ ಮೊದಲೇ ಮದ್ದು ತೆಗೆದುಕೊಳ್ಳುವವರು ಯಾರೂ ಇಲ್ಲವಾದ್ದರಿಂದ ಈ ಕೊನೆಯ ಫಲಿತಾಂಶಕ್ಕೆ ಹೆಚ್ಚಿನ ಬೆಲೆ.

ಮೈಸೂರಿನಲ್ಲಿ ವಿಶ್ವನಾಥ್ ತಂಡ ಇನ್ನೊಂದು ದಾರಿ ಹಿಡಿಯಿತು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಹಳೆಯ ಮಾತ್ರೆ ಗರಗಸ ಮಂಡಲದ ಮೆಟಲೋಪ್ರೋಟಿಯೇಸ್ ಹಾವಳಿಯನ್ನು ಇಲಿಗಳಲ್ಲಿ ತಗ್ಗಿಸುತ್ತದೆ ಎಂದು 2021ರಲ್ಲಿ ಅದು ವರದಿ ಮಾಡಿತು.

ಇವೆರಡೂ ಇಲಿಗಳ ಮೇಲಿನ ಪ್ರಯೋಗಗಳು. ಡಿಎನ್‌ಏಸ್ ಬೇರೊಂದು ಶ್ವಾಸಕೋಶದ ಕಾಯಿಲೆಗೆ 1993ರಿಂದ ಔಷಧಿಯಾಗಿ ಬಳಕೆಯಲ್ಲಿದ್ದರೂ ಹಾವು ಕಡಿತಕ್ಕೆ ಇನ್ನೂ ಆಸ್ಪತ್ರೆಯ ಮದ್ದಾಗಿಲ್ಲ. ಡೈಸಲ್ಫಿರಾಮ್ ಕೂಡ ಹಾಗೆಯೇ.

ಕುದುರೆ ಕೊಡುವ ಮದ್ದು, ಅದರ ಮಿತಿ

ಕುಣಿಗಲ್ ಎಂದರೆ ಕೆರೆಯಷ್ಟೇ ಅಲ್ಲ, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಕೂಡ ನೆನಪಾಗುತ್ತದೆ. ಅಲ್ಲಿನ ಕುದುರೆಗಳು ಸೇನೆಗೆ ಮತ್ತು ಪಂದ್ಯಕ್ಕೆ ಬೆಳೆದವು. ಆದರೆ ಕುದುರೆ ಜಾತಿಯಿಂದ ಮನುಷ್ಯನಿಗೆ ಇನ್ನೊಂದು ದೊಡ್ಡ ಉಪಕಾರವಾಗಿದೆ. ಫ್ರಾನ್ಸಿನ ಆಲ್ಬೆರ್ ಕಾಲ್ಮೆಟ್ 1890ರ ದಶಕದಲ್ಲಿ ಪ್ರಾಣಿಗಳಿಗೆ ನಾಗರಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಮದ್ದಾಗಿಸಿದ. ಬೇಗನೇ ಈ ಕೆಲಸಕ್ಕೆ ಕುದುರೆಯೇ ತಕ್ಕ ಪ್ರಾಣಿ ಎಂದಾಯಿತು. ಭಾರತದಲ್ಲಿ ಕಸೌಲಿ ಮತ್ತು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗಳು ಅದನ್ನು ತಯಾರಿಸಿದವು. ಇಂದಿಗೂ ನಮ್ಮ ಪ್ರತಿವಿಷ ಬರುವುದು ಕುದುರೆಯ ರಕ್ತದಿಂದಲೇ. ಅದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದ ವಿರುದ್ಧವೂ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ ವಿಷದ ಬಹುಪಾಲನ್ನು ಒದಗಿಸುತ್ತ ಬಂದಿರುವುದು ಚೆನ್ನೈ ಬಳಿಯ ಇರುಳರು 1978ರಲ್ಲಿ ಕಟ್ಟಿಕೊಂಡ ಹಾವಾಡಿಗರ ಸಹಕಾರ ಸಂಘ.

ಪ್ರಾಣ ಉಳಿಸುವುದರಲ್ಲಿ ಇದಕ್ಕೆ ಸಾಟಿಯಾದ ಮದ್ದು ಬೇರೆ ಇಲ್ಲ. ರಕ್ತದಲ್ಲಿ ಸುತ್ತುತ್ತಿರುವ ವಿಷವನ್ನು ಅದು ಹಿಡಿದುಹಾಕುತ್ತದೆ. ಆದರೆ ಕಚ್ಚಿದ ಜಾಗದ ಮಾಂಸವನ್ನು ಉಳಿಸುವುದರಲ್ಲಿ ಅದು ಸೋಲುವುದೇ ಹೆಚ್ಚು. ಕಾರಣ ಈಗ ಓದುಗರಿಗೆ ಗೊತ್ತಾಗಿರಬಹುದು. ತಳಪೊರೆ ಮತ್ತು ರಕ್ತನಾಳದ ನಾಶ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಪ್ರತಿವಿಷ ದೊರೆಯುವುದು ಗಂಟೆಗಳ ನಂತರ. ಅಷ್ಟರಲ್ಲಿ ಅದು ಹರಿದುಬರಬೇಕಾದ ರಕ್ತನಾಳವೇ ಮುಚ್ಚಿರುತ್ತದೆ. ಕೊಚ್ಚಿಹೋದ ನೆಲವನ್ನು ಪ್ರತಿವಿಷ ಮತ್ತೆ ತುಂಬಲಾರದು.

ಆದ್ದರಿಂದ ಈ ಪ್ರಯೋಗಾಲಯದ ಪಾಠ ಗುಬ್ಬಿ, ಕುಣಿಗಲ್ಲಿನ ಹೊಲಕ್ಕೂ ಅನ್ವಯಿಸುತ್ತದೆ. ಹಾವು ಕಚ್ಚಿದ ಕೂಡಲೇ ಮೇಲ್ಭಾಗಕ್ಕೆ ಬಿಗಿಯಾಗಿ ದಾರ ಕಟ್ಟುವ ರೂಢಿ ನಮ್ಮಲ್ಲಿ ಬಲವಾಗಿದೆ. ವಿಷ ಏರದಂತೆ ತಡೆಯುವುದು ಅದರ ಉದ್ದೇಶ. ಆದರೆ ಬಿಗಿದ ದಾರ ಮೊದಲು ತಡೆಯುವುದು ರಕ್ತದ ಓಟವನ್ನು. ಮಂಡಲದ ಹಾವಿನ ವಿಷವನ್ನು ಒಂದೇ ಕಡೆ ಕೂಡಿಹಾಕಿ, ಅಲ್ಲಿಗೆ ರಕ್ತವೂ ಬಾರದಂತೆ ಮಾಡಿದರೆ ಮಾಂಸದ ಗತಿ ಏನಾಗುತ್ತದೆ ಎಂಬುದನ್ನು ಮೇಲಿನ ಪ್ರಯೋಗಗಳೇ ಹೇಳಿವೆ. ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು, ಬೇರು ಅರೆದು ಹಚ್ಚುವುದು ಇವು ಯಾವುವೂ ತಳಪೊರೆಯನ್ನು ಉಳಿಸಲಾರವು. ಗಾಯ ಹೆಚ್ಚಿಸಬಲ್ಲವು, ಹೊತ್ತು ಕಳೆಯಬಲ್ಲವು. ವೈದ್ಯರು ಹೇಳುವುದು ಸರಳ: ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಪಟ್ಟಿಯ ಆಸರೆ ಕೊಡಿ, ನಡೆಸದೆ, ಓಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.

ಸರ್ಕಾರಗಳೂ ತಡವಾಗಿಯಾದರೂ ಎಚ್ಚೆತ್ತಿವೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಅದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆಯನ್ನು ಹೊರಡಿಸಿತು.

ಸಾವಿನ ಲೆಕ್ಕ ಇಳಿದರೆ ಸಂತೋಷವೇ. ಆದರೆ ಬದುಕಿ ಬಂದು ನೇಗಿಲು ಹಿಡಿಯಲಾಗದ ಕೈ, ತೆಂಗಿನ ಮರ ಹತ್ತಲಾಗದ ಕಾಲು ಸಾವಿನ ಪಟ್ಟಿಯಲ್ಲಿ ಬರುವುದಿಲ್ಲ. ಕೂಲಿಯನ್ನೇ ನಂಬಿದ ಮನೆಗೆ ಅದು ಸಣ್ಣ ನಷ್ಟವಲ್ಲ. ಪ್ರಾಣವನ್ನು ಕುದುರೆಯ ರಕ್ತ ಉಳಿಸುತ್ತದೆ; ಮಾಂಸವನ್ನು ಉಳಿಸುವ ಮದ್ದು ಇನ್ನೂ ಬರಬೇಕಾಗಿದೆ. ಅದು ಎಲ್ಲಿಗೆ ಹೋಗಿ ಕೆಲಸ ಮಾಡಬೇಕು ಎಂಬುದನ್ನು ಹಾವಿನ ವಿಷ ತೋರಿಸಿಕೊಟ್ಟಿದೆ. ಸ್ನಾಯುವಿನ ಎಳೆ ಸತ್ತರೆ ಚಿಂತೆಯಿಲ್ಲ, ಅದು ಮತ್ತೆ ಹುಟ್ಟುತ್ತದೆ. ಅದರ ಬುಡದ ಕಂದನ್ನೂ ನೆಲವನ್ನೂ ನೀರನ್ನೂ ಮೊದಲ ಒಂದೆರಡು ಗಂಟೆಗಳಲ್ಲಿ ಕಾಪಾಡಬೇಕು.